ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿ ನೋಡಿ

ಮಧ್ಯಾಹ್ನ ಎರಡು ಗಂಟೆ. ಊಟ ಮುಗಿದಿದೆ, ಪಾತ್ರೆ ತೊಳೆದಾಗಿದೆ, ಒಣಗಿದ ಬಟ್ಟೆ ಮಡಚಿಟ್ಟಾಗಿದೆ. ಯಜಮಾನರದು ನೈಟ್ ಡ್ಯೂಟಿ, ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಅವರ ನಿದ್ದೆ ಕೆಡಬಾರದೆಂದು ಟಿ.ವಿ. ದನಿ ತಗ್ಗಿಸಿದ್ದೀರಿ. ಮಗ ಬೆಂಗಳೂರಿನಲ್ಲಿ, ಮಗಳು ಹೈದರಾಬಾದಿನಲ್ಲಿ. ಹೊರಗೆ ನಮ್ಮ ಸೇಡಂ, ಚಿತ್ತಾಪುರದ ಬಿಸಿಲು, ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಫೋನ್ ಕೈಗೆತ್ತಿಕೊಳ್ಳುತ್ತೀರಿ, ಮತ್ತೆ ಕೆಳಗಿಡುತ್ತೀರಿ. ಯಾರಿಗೆ ಮಾಡೋದು? ಮಾಡಿ ಏನಂತ ಮಾತಾಡೋದು?

"ಮನ್ಯಾಗ ಎಲ್ಲಾರೂ ಅದಾರ್ರಿ, ಆದ್ರ ನನ್ನ ಜೋಡಿ ಮಾತಾಡ್ಲಾಕ ಯಾರೂ ಇಲ್ರಿ." ಹೀಗೆ ಹೇಳುವವರು ನಮ್ಮ ಸುತ್ತ ಬಹಳ ಮಂದಿ. ಹೇಳದೆ ಒಳಗೇ ನುಂಗಿಕೊಂಡವರು ಇನ್ನೂ ಹೆಚ್ಚು. ಯಾಕೆಂದರೆ ಹೇಳಿದರೆ ಸಿಗುವ ಉತ್ತರ ಮೊದಲೇ ಗೊತ್ತಿರುತ್ತದೆ. "ಏನ್ ಕಮ್ಮಿ ಆಗ್ಯಾದ ನಿಂಗ? ಗ್ಯಾಸ್ ಅದ, ಫ್ರಿಜ್ ಅದ, ಆರಾಮ ಕೂತು ಉಣ್ಣು." ಹೇಳಿದವರು ಕೆಟ್ಟವರೇನಲ್ಲ. ಆದರೆ ಸೌಕರ್ಯ ಬೇರೆ, ಸಂಗಾತ ಬೇರೆ ಎಂಬುದು ಅವರ ತಲೆಗೆ ಹೋಗಿರುವುದಿಲ್ಲ, ಅಷ್ಟೆ. ಕೊನೆಗೆ ನಿಮಗೇ ಅನುಮಾನ ಶುರುವಾಗುತ್ತದೆ. ನನಗೇ ಏನೋ ಆಗಿದೆಯಾ? ಕೆಲಸ ಕಮ್ಮಿಯಾಗಿ ಹೀಗೆ ಅನ್ನಿಸ್ತಿದೆಯಾ?

ಇಲ್ಲ ಗೆಳತಿ, ಇದು ನಿಮ್ಮೊಬ್ಬರ ಕೊರಗಲ್ಲ, ಕೊಬ್ಬೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಸಲುವಾಗಿಯೇ ಒಬ್ಬ ಮಂತ್ರಿಯನ್ನು ನೇಮಿಸಿದವು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ (ಇವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು) 2023ರಲ್ಲಿ ಒಂದು ಎಚ್ಚರಿಕೆಯ ವರದಿ ಕೊಟ್ಟರು. ಜನರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಷ್ಯಕ್ಕೆ ಕುತ್ತು ತರಬಲ್ಲದು ಎಂದು ಅದರಲ್ಲಿತ್ತು. ಬೀಡಿ ಸೇದುವ ಮಾವನ ಮೇಲೆ ರೇಗುವ ನಾವು, ತಿಂಗಳುಗಟ್ಟಲೆ ಯಾರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡದೆ ಇರುವ ಅತ್ತೆಯನ್ನು ನೋಡಿ ಏನೂ ಅಂದುಕೊಳ್ಳುವುದಿಲ್ಲ!

ನಮ್ಮ ಭಾಗದ ಊರುಗಳಲ್ಲಿ ಈ ಒಂಟಿತನಕ್ಕೆ ಅದರದೇ ಕಾರಣಗಳೂ ಇವೆ. ವಾಡಿಯನ್ನೇ ತೆಗೆದುಕೊಳ್ಳಿ. 1874ರಲ್ಲಿ ಸಿಕಂದರಾಬಾದಿನ ಹಳಿ ಬಂದು ಕೂಡಿಕೊಂಡಾಗಿನಿಂದ ಅದು ಜಂಕ್ಷನ್ ಊರು. ಆಮೇಲೆ ಸುಣ್ಣದ ಕಲ್ಲಿನ ಬೆನ್ನು ಹತ್ತಿ ಸಿಮೆಂಟ್ ಬಂತು. ವಾಡಿಗೆ ಎಸಿಸಿ, ಸೇಡಂಗೆ ವಾಸವದತ್ತಾ, ಮಳಖೇಡಕ್ಕೆ ರಾಜಶ್ರೀ. ಕಾರ್ಖಾನೆಯ ಜೊತೆ ಕ್ವಾರ್ಟರ್ಸ್ ಬಂದವು. ಗಂಡನ ನೌಕರಿಯ ಹಿಂದೆ ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಬಂದು ಇಲ್ಲಿ ಸಂಸಾರ ಹೂಡಿದರು. ಅಕ್ಕಪಕ್ಕದವರು ಹೊಂದಿಕೊಳ್ಳುವ ಹೊತ್ತಿಗೆ ಒಬ್ಬರಿಗೆ ಟ್ರಾನ್ಸ್‌ಫರ್, ಇನ್ನೊಬ್ಬರಿಗೆ ರಿಟೈರ್‌ಮೆಂಟ್. ಕ್ವಾರ್ಟರ್ಸ್ ಖಾಲಿ ಮಾಡಿದ ದಿನವೇ ಇಪ್ಪತ್ತು ವರ್ಷದ ಸ್ನೇಹವೂ ಲಾರಿ ಏರಿ ಹೋಗಿಬಿಡುತ್ತದೆ. ರೈಲ್ವೆಯವರ ಮನೆಗಳಲ್ಲಂತೂ ಗಂಡ ಎಷ್ಟು ಹೊತ್ತಿಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಶಹಾಬಾದಿನ ಕಥೆ ಇನ್ನೊಂದು ಬಗೆ. ಹಳೆಯ ಸಿಮೆಂಟ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ದುಡಿಯುವ ಮಂದಿ ಊರು ಬಿಟ್ಟರು, ಉಳಿದ ಹೆಣ್ಣುಮಕ್ಕಳು ಬೀಗ ಬಿದ್ದ ಮನೆಗಳ ಸಾಲಿನಲ್ಲಿ ಉಳಿದರು. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ಆದರೂ ಮಕ್ಕಳು ಮಾತ್ರ ಹೈದರಾಬಾದ್, ಪುಣೆ, ಮುಂಬೈ ಸೇರಿಯಾಗಿದೆ.

ಹಾಗಾದರೆ ಮೊದಲು ಹೇಗಿತ್ತು? ನಮ್ಮ ಅಮ್ಮಂದಿರಿಗೆ ಒಂಟಿತನ ಎಂಬ ಮಾತೇ ಗೊತ್ತಿರಲಿಲ್ಲ ಎನ್ನುವವರಿದ್ದಾರೆ. ನನಗೇನೋ ಅಷ್ಟು ನಂಬಿಕೆ ಇಲ್ಲ. ನಾಲ್ಕು ಕೊಡ ನೀರು ಹೊತ್ತ ಸೊಂಟವನ್ನು ಕೇಳಿದರೆ ಆ ಕಾಲದ ಚಂದ ಗೊತ್ತಾಗುತ್ತದೆ. ಆದರೆ ಒಂದು ಮಾತು ನಿಜ. ನೀರಿಗೆ ನಿಂತಾಗ ಮಾತಿತ್ತು, ಬೀಸುವ ಕಲ್ಲಿನ ಎದುರು ಇನ್ನೊಬ್ಬಾಕೆ ಕೂತಿರುತ್ತಿದ್ದಳು, ಮೊಸರು ಹುಳಿಯಾಗಿ ಕೆಟ್ಟರೆ ಬಾಜೂ ಮನೆಗೆ ಹೆಪ್ಪಿಗೆ ಹೋಗಲೇಬೇಕಿತ್ತು. ಹೆಪ್ಪು ಕೇಳಲು ಹೋದವಳು ಐದು ನಿಮಿಷ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಇವತ್ತು ನಳ ಮನೆಯೊಳಗೇ ಇದೆ, ಮಿಕ್ಸಿ ಇದೆ, ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಖಡಕ್ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ. ಒಳ್ಳೆಯದೇ ಆಯಿತು, ಕಷ್ಟ ಕಮ್ಮಿಯಾಯಿತು. ಆದರೆ ಕಷ್ಟದ ಜೊತೆಗೆ ಬಾಜೂ ಮನೆಗೆ ಹೋಗುವ ನೆಪವೂ ಹೋಯಿತು. ಯಾರನ್ನೂ ಏನೂ ಕೇಳಬೇಕಾಗಿಲ್ಲ ಎಂಬುದನ್ನೇ ನಾವು ದೊಡ್ಡಸ್ತಿಕೆ ಅಂದುಕೊಂಡೆವು.

ಅದಕ್ಕೇ ಈ ಪುಟದ ಸಲಹೆ ಸ್ವಲ್ಪ ಉಲ್ಟಾ ಇದೆ. ಒಂಟಿತನ ಕಾಡಿದಾಗ "ಯಾರಿಗಾದರೂ ಸಹಾಯ ಮಾಡಿ" ಎಂದು ಎಲ್ಲರೂ ಹೇಳುತ್ತಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಸಹಾಯ ಕೇಳಿ! ಚಿಕ್ಕದು, ಇಲ್ಲ ಎನ್ನಲಾಗದಂಥದ್ದು. ಹೆಪ್ಪಿಗೆ ಒಂದು ಚಮಚ ಮೊಸರು. ನಾಲ್ಕು ಎಸಳು ಕರಿಬೇವು. "ವೈನೀ, ನಿಮ್ಮ ಶೇಂಗಾ ಹಿಂಡಿ ಇಷ್ಟ್ ಘಮ ಅಂತದ, ಹೆಂಗ ಮಾಡ್ತೀರಿ?" "ಅಕ್ಕಾ, ಭಜ್ಜಿಗಿ ಏನೇನ್ ಪಲ್ಯ ಹಾಕ್ತೀರಿ?" ಕೊಡುವವರ ಮುಂದೆ ಜನ ಸಂಕೋಚದಿಂದ ನಿಲ್ಲುತ್ತಾರೆ. ಕೇಳುವವರ ಮುಂದೆ ಅರಳುತ್ತಾರೆ. ತನ್ನ ಕೈರುಚಿಯನ್ನು ಒಬ್ಬರು ಮನೆಗೆ ಬಂದು ವಿಚಾರಿಸಿದರೆ ಯಾವ ಗೃಹಿಣಿಗೆ ಖುಷಿಯಾಗುವುದಿಲ್ಲ ಹೇಳಿ? ನೀವು ಒಮ್ಮೆ ಕೇಳಿದರೆ, ನಾಳೆ ನಿಮ್ಮನ್ನು ಕೇಳಲು ಅವರಿಗೂ ಧೈರ್ಯ ಬರುತ್ತದೆ. ಜೊತೆಗೆ ಬಟ್ಟಲು ಖಾಲಿ ವಾಪಸ್ ಕೊಡುವ ರೂಢಿ ನಮ್ಮಲ್ಲಿಲ್ಲವಲ್ಲ? ಆ ಒಂದು ಬಟ್ಟಲು ಎರಡು ಮನೆಯ ನಡುವೆ ವರ್ಷವಿಡೀ ಓಡಾಡುತ್ತಿರುತ್ತದೆ.

ಭಾಷೆ ಬರುವುದಿಲ್ಲ ಎಂಬ ತೊಡಕು ಕ್ವಾರ್ಟರ್ಸ್‌ಗಳಲ್ಲಿ ದೊಡ್ಡದು. ಒಂದು ಮನೆ ಉರ್ದು, ಒಂದು ತೆಲುಗು, ಒಂದು ಮರಾಠಿ, ಎದುರಿಗೆ ಹಿಂದಿಯವರು. ಗಡಿಯಾಚೆಯಿಂದ ಸೇಡಂ, ಚಿಂಚೋಳಿಗೆ ಸೊಸೆಯಾಗಿ ಬಂದ ಹುಡುಗಿ ಕನ್ನಡ ತಪ್ಪಾದೀತೆಂದು ಬಾಯಿಯೇ ಬಿಡುವುದಿಲ್ಲ. ಅಂಥ ಹುಡುಗಿ ನಿಮ್ಮ ಓಣಿಯಲ್ಲಿದ್ದರೆ ನೀವೇ ಆಕೆಯಿಂದ ನಾಲ್ಕು ತೆಲುಗು ಮಾತು ಕಲಿಯಲು ಹೊರಡಿ. ನೀವು ತಪ್ಪು ಮಾತಾಡಿ ಇಬ್ಬರೂ ನಕ್ಕ ಮೇಲೆ ಆಕೆಯ ಕನ್ನಡ ತಾನಾಗಿ ಹೊರಬರುತ್ತದೆ.

ಗುರುತಾದ ಮೇಲೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. "ಯಾವಾಗಾದ್ರೂ ಬರ್ರಿ" ಎಂದರೆ ಯಾವಾಗಲೂ ಬರುವುದಿಲ್ಲ. "ಗುರುವಾರ ನಾಕು ಗಂಟೆಗೆ ಬರ್ರಿ" ಎಂದರೆ ಬರುತ್ತಾರೆ. ಕರ್ನಾಟಕದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದಾಗ ಎಲ್ಲರೂ ಉಳಿತಾಯದ ಲೆಕ್ಕ ಹೇಳಿದರು, ಸಾಲದ ಲೆಕ್ಕ ಹೇಳಿದರು. ಆದರೆ ಹದಿನೈದು ಇಪ್ಪತ್ತು ಹೆಂಗಸರು ಪ್ರತಿ ವಾರ ತಪ್ಪದೆ ಒಂದೆಡೆ ಸೇರುವುದಿದೆಯಲ್ಲ, ಅದೂ ಒಂದು ಗಳಿಕೆಯೇ. ಪಟ್ಟಣದ ಗೃಹಿಣಿಯರಿಗೆ ಅಂಥದ್ದೊಂದು ಇಲ್ಲ. ಮಾಡಿಕೊಳ್ಳಬೇಕು. ಸುಮ್ಮನೆ ಎದುರುಬದುರು ಕೂತರೆ ಮಾತು ಬೇಗ ಬತ್ತುತ್ತದೆ, ಇಲ್ಲವೇ ಇನ್ನೊಬ್ಬರ ಮನೆಯ ವಿಚಾರಕ್ಕೆ ತಿರುಗುತ್ತದೆ. ಕೈಗೆ ಒಂದು ಕೆಲಸವಿರಲಿ. ಬೇಸಿಗೆಯಲ್ಲಿ ಸಂಡಿಗೆ, ಶ್ಯಾವಿಗೆ. ತೊಗರಿ ಬಂದಾಗ ಬೇಳೆ ಆರಿಸುವುದು. ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು ಕುಬಸಕ್ಕೆ ಕಸೂತಿ ಹಾಕುವುದು. ಕಣ್ಣು ಕೆಲಸದ ಮೇಲಿದ್ದಾಗ, ಮುಖ ನೋಡಿ ಹೇಳಲಾಗದ ಮಾತುಗಳೂ ಹೊರಬರುತ್ತವೆ. ಒಂದೇ ಎಚ್ಚರಿಕೆ. ಈ ಕೂಟಕ್ಕೆ ಚೀಟಿ ವ್ಯವಹಾರ ತರಬೇಡಿ. ಎಂಥೆಂಥ ಗಟ್ಟಿ ಸ್ನೇಹಗಳು ಚೀಟಿಯ ಕಂತಿನಲ್ಲಿ ಮುರಿದಿವೆ ಎಂಬುದು ನಿಮಗೇ ಗೊತ್ತು.

ಹೊರಗೆ ಹೋಗಲು ಈಗ ಬಸ್ ಚಾರ್ಜಿನ ನೆಪವೂ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಆದರೂ ಎಷ್ಟು ಜನ ಗೃಹಿಣಿಯರು ಮದುವೆ, ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಬಸ್ ಹತ್ತಿದ್ದೀರಿ? ಸೇಡಂನವರೇ ಎಷ್ಟೋ ಮಂದಿ ಮಳಖೇಡದ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಒಳಗೆ ಕಾಲಿಟ್ಟಿಲ್ಲ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಊರು. ಹಳೆಯ ಬಸದಿ ಇದೆ, ಕಾಗಿಣಾ ನದಿ ಇದೆ, ಜಯತೀರ್ಥರ ವೃಂದಾವನ ಇದೆ. ಚಿತ್ತಾಪುರದಲ್ಲಿ ನಾಗಾವಿ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಬರೆದ ಶಿಲ್ಪ ಸಿಕ್ಕ ಬೌದ್ಧ ಸ್ತೂಪ. ಮಳೆಗಾಲ ಕಳೆದ ಮೇಲೆ ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯ ಕಡೆ ಹೋದರೆ ಇದು ನಮ್ಮದೇ ಜಿಲ್ಲೆಯಾ ಎಂದು ಆಶ್ಚರ್ಯಪಡುವಷ್ಟು ಹಸಿರು ಕಾಡು. ಬುತ್ತಿ ಕಟ್ಟಿಕೊಂಡು ಮೂರು ಜನ ಹೊರಡಿ, ಸಂಜೆಯೊಳಗೆ ಮನೆ. ಒಂದು ದಿನ ಮನೆಯವರು ಬೆಳಗಿನ ರೊಟ್ಟಿಯನ್ನೇ ಸಂಜೆಗೂ ಉಂಡರೆ ಏನೂ ಆಗುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದೂ ಪಟ್ಟಣ ಸೇರಿದವರಿಗೆ ತಪ್ಪಿಹೋಗಿದೆ. ಹೊಲವಿಲ್ಲದಿದ್ದರೆ ಹೊಲವಿರುವವರನ್ನು ಕೇಳಿ. "ಈ ಸಲ ಚರಗ ಚೆಲ್ಲಾಕ ನಿಮ್ ಜೋಡಿ ನಾನೂ ಬರ್ಲೇನ್ರಿ?" ಎಂದರೆ ಬೇಡ ಎನ್ನುವ ರೈತರ ಮನೆ ನಮ್ಮ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ ಅವರದು, ಶೇಂಗಾ ಹೋಳಿಗೆ ನಿಮ್ಮದು.

ಫೋನಿನ ವಿಚಾರ ಹೆಚ್ಚು ಹೇಳಬೇಕಿಲ್ಲ. ಬೆಳಗಾದರೆ ಐವತ್ತು ಜನರಿಗೆ ಗುಡ್ ಮಾರ್ನಿಂಗ್ ಹೂವು ಕಳಿಸುವುದಕ್ಕಿಂತ ಒಬ್ಬರಿಗೆ ಕರೆ ಮಾಡಿ ದನಿ ಕೇಳುವುದು ಮೇಲು. ತವರಿನ ಅತ್ತಿಗೆ, ಕೂಡಿ ಓದಿದ ಗೆಳತಿ, ವರ್ಗವಾಗಿ ಹೋದ ಹಳೆಯ ಬಾಜೂ ಮನೆಯಾಕೆ, ಯಾರಾದರೂ ಸರಿ. ಗುರುತೇ ಇಲ್ಲದವರು ಫೋನಿನಲ್ಲಿ ಬಹಳ ಸವಿ ಮಾತಾಡಿ, ವಾರ ಕಳೆಯುವುದರೊಳಗೆ ದುಡ್ಡೋ ಫೋಟೋವೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಒಂಟಿ ಹೆಂಗಸರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ನಮ್ಮ ಓಣಿಗಳಲ್ಲಿ ಅತಿ ಹೆಚ್ಚು ಒಂಟಿಯಾದವರು ಗಂಡನನ್ನು ಕಳೆದುಕೊಂಡವರು. ಅರಿಷಿಣ ಕುಂಕುಮಕ್ಕೆ ಊರನ್ನೆಲ್ಲ ಕರೆಯುತ್ತೇವೆ, ಬಾಜೂ ಮನೆಯ ಆಕೆಯನ್ನು ಬಿಡುತ್ತೇವೆ. ಮಾಡಿನೊಳಗೆ ಕೂತು ನಮ್ಮ ಮನೆಯ ನಗು ಕೇಳುತ್ತಾ ಆಕೆ ಸಂಜೆ ಕಳೆಯಬೇಕು. ಯಾವ ಶಾಸ್ತ್ರವೂ ಇಷ್ಟು ಕಠೋರವಾಗಿರಬೇಕಿಲ್ಲ. ಕರೆಯಿರಿ. ಅತ್ತೆಯವರು ಮುಖ ಗಂಟಿಕ್ಕಿದರೆ ಒಂದು ದಿನ ಇಕ್ಕಿಕೊಳ್ಳಲಿ, ಮರು ವರ್ಷಕ್ಕೆ ರೂಢಿಯಾಗುತ್ತದೆ.

ಇಷ್ಟೆಲ್ಲ ಹೇಳಿದರೂ, ಮನಸ್ಸು ಒಂದು ಹಂತ ದಾಟಿದ ಮೇಲೆ ಹೆಪ್ಪು, ಬುತ್ತಿ, ಬಸ್ಸು ಇವು ಸಾಲುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ 45,026 ಮಹಿಳೆಯರು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 23,178 ಮಂದಿ ಗೃಹಿಣಿಯರು, ಅಂದರೆ ಅರ್ಧಕ್ಕಿಂತ ಹೆಚ್ಚು. ಇದಕ್ಕೆಲ್ಲ ಒಂಟಿತನವೇ ಕಾರಣ ಎನ್ನಲಾಗದು. ಮನೆಯ ಜಗಳ, ಕಾಯಿಲೆ, ಹೊಡೆತ ಎಲ್ಲ ಇವೆ. ಆದರೆ ಹೇಳಿಕೊಳ್ಳಲು ಒಬ್ಬರಿದ್ದಿದ್ದರೆ ಇವರಲ್ಲಿ ಕೆಲವರಾದರೂ ನಮ್ಮ ನಡುವೆ ಇರುತ್ತಿದ್ದರು.

ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಅನ್ನ ಸೇರುತ್ತಿಲ್ಲ, ತಲೆ ಬಾಚಿಕೊಳ್ಳಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು, ನಾನಿದ್ದೇನು ಪ್ರಯೋಜನ ಎಂಬ ವಿಚಾರ ಮತ್ತೆ ಮತ್ತೆ ಬರುತ್ತಿದೆ ಎಂದರೆ ಅದು ಬರೀ ಬೇಸರವಲ್ಲ, ಔಷಧಿ ಇರುವ ಕಾಯಿಲೆ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೆಂದು ತಿಳಿಯದಿದ್ದರೆ "ಮನಸ್ಸಿಗೆ ಸಮಾಧಾನ ಇಲ್ರಿ" ಎಂದಷ್ಟೇ ಹೇಳಿ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿಕೊಳ್ಳಿ, ಇಲ್ಲವೇ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಿ.

ಮತ್ತೆ, ಇದೆಲ್ಲ ನಿಮಗಲ್ಲ, ಎದುರು ಮನೆಯಾಕೆಗೆ ಆಗುತ್ತಿದೆ ಎಂದು ಕಂಡರೆ? ಎರಡು ದಿನದಿಂದ ಆಕೆ ಅಂಗಳಕ್ಕೆ ರಂಗೋಲಿ ಹಾಕಿಲ್ಲ, ಒಗೆದ ಬಟ್ಟೆ ಹಗ್ಗದ ಮೇಲೇ ಇದೆ ಎಂದರೆ ಹೋಗಿ ಬಾಗಿಲು ತಟ್ಟಿ. "ದವಾಖಾನಿಗಿ ಹೋಗು" ಎಂದು ಬುದ್ಧಿ ಹೇಳಿ ಬರಬೇಡಿ, ಜೊತೆಗೆ ಹೋಗಿ. ಒಬ್ಬಳೇ ಹೋಗುವ ಶಕ್ತಿ ಆಕೆಗೆ ಆ ಹೊತ್ತಿನಲ್ಲಿ ಇರುವುದಿಲ್ಲ. ಬೆಳಗಿನ ಬಸ್ಸಿಗೆ ಹೊರಟರೆ ಡಾಕ್ಟರಿಗೆ ತೋರಿಸಿಕೊಂಡು ಮಕ್ಕಳು ಸಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬಹುದು. ಬಸ್ಸಿನಲ್ಲಿ ತೋರಿಸಲು ಇಬ್ಬರ ಆಧಾರ್ ಕಾರ್ಡೂ ಚೀಲದಲ್ಲಿರಲಿ.