ದೊಡ್ಡ ಮಳೆಯೋ, ನಂಬುವ ಮಳೆಯೋ?



ಈ ವರ್ಷ ಮಳೆ ಎಷ್ಟು ಬಿತ್ತೆಂದು ಕೇಳುವವರು ಬಹಳ. ಬೇಕಾದಾಗ ಬಿತ್ತೇ ಎಂದು ಕೇಳುವವರು ವಿರಳ. ಒಕ್ಕಲುತನಕ್ಕೆ ಎರಡನೆಯ ಪ್ರಶ್ನೆಯೇ ಮುಖ್ಯ. ನಮ್ಮ ರಾಗಿಯ ತವರಾದ ಪೂರ್ವ ಆಫ್ರಿಕದ ರೈತರು ಇದನ್ನು ಚೆನ್ನಾಗಿ ಬಲ್ಲರು.

ಅಲ್ಲಿನ ಕೀನ್ಯಾ ದೇಶದ ನಡುವೆಯೇ ಭೂಮಧ್ಯರೇಖೆ ಹಾದುಹೋಗುತ್ತದೆ. ಸೂರ್ಯನನ್ನು ಹಿಂಬಾಲಿಸಿ ಉತ್ತರಕ್ಕೊಮ್ಮೆ, ದಕ್ಷಿಣಕ್ಕೊಮ್ಮೆ ಸರಿಯುವ ಮಳೆಯ ಪಟ್ಟಿ ಆ ನಾಡನ್ನು ವರ್ಷಕ್ಕೆ ಎರಡು ಸಲ ದಾಟುತ್ತದೆ. ಆದುದರಿಂದ ದೇಶದ ಬಹುಭಾಗಕ್ಕೆ ಎರಡು ಹಂಗಾಮು: ಮಾರ್ಚ್‌ನಿಂದ ಮೇವರೆಗೆ ‘ದೀರ್ಘ ಮಳೆ’, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ‘ಅಲ್ಪ ಮಳೆ’. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅವರ ಪೂರ್ವ ಸೀಮೆ ಒಣಗಿರುತ್ತದೆ.

ಹೆಸರು ಕೇಳಿದರೆ ಮೊದಲನೆಯದೇ ದೊಡ್ಡದು. ಆದರೆ ಮಚಾಕೋಸ್, ಕಿಟುಯಿ ಕಡೆಯ ಒಣ ಸೀಮೆಯವರು ಹೆಚ್ಚು ನೆಚ್ಚುವುದು ಅಲ್ಪ ಮಳೆಯನ್ನು. ಹೆಸರಿಗೆ ಮರುಳಾಗಿ ಮಾರ್ಚ್‌ನಲ್ಲೇ ಎಲ್ಲ ಬೀಜವನ್ನೂ ಮಣ್ಣಿಗೆ ಹಾಕಿದರೆ ಕಣ ಬರಿದಾದೀತೆಂಬುದು ಅವರಿಗೆ ಗೊತ್ತು. ಅಕ್ಟೋಬರ್ ಹೊತ್ತಿಗೆ ಬಿತ್ತಿದ ದೀರ್ಘಾವಧಿ ತೊಗರಿ ಎರಡೂ ಮಳೆಯನ್ನುಂಡು ಮುಂದಿನ ಜುಲೈ ದಾಟಿ ಕೊಯ್ಲಿಗೆ ಬರುತ್ತದೆ. ಜೊತೆಗೆ ಬಿತ್ತಿದ ಜೋಳ, ಅಲಸಂದೆ ಮೊದಲೇ ಮನೆ ಸೇರಿರುತ್ತವೆ. ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿ, ಮಣ್ಣನ್ನು ಮೇಲ್ಬದಿಗೆ ಎರಚಿ ಬದು ಕಟ್ಟುವುದೂ ಅಲ್ಲಿನ ರೂಢಿ. ಬಿದ್ದ ಹನಿ ಹೊಲದಲ್ಲೇ ಇಂಗಬೇಕು.

ಹಾಗೆಂದು ನಂಬಿದ ಮಳೆ ಕೈಕೊಡುವುದಿಲ್ಲವೆಂದಲ್ಲ. ಹಿಂದೂ ಮಹಾಸಾಗರದ ಆಫ್ರಿಕ ಕಡೆಯ ನೀರು ಮಿತಿಮೀರಿ ಬೆಚ್ಚಗಾದ 1961, 1997, 2019ರಲ್ಲಿ ಅದು ನೆರೆಯಾಗಿ ಹರಿಯಿತು. 2020ರ ಕೊನೆಯಿಂದ 2022ರ ಕೊನೆಯವರೆಗೆ ಕೀನ್ಯಾದ ಉತ್ತರ ಮತ್ತು ಪೂರ್ವ ಭಾಗ, ಸೋಮಾಲಿಯಾ, ದಕ್ಷಿಣ ಇಥಿಯೋಪಿಯಗಳಲ್ಲಿ ಸತತ ಐದು ಹಂಗಾಮು ಮಳೆ ಸೋತು, ಲಕ್ಷಗಟ್ಟಲೆ ದನಕರು ಸತ್ತವು. ಮರುವರ್ಷ, 2023ರ ಕೊನೆಗೆ, ಅದೇ ನೆಲದಲ್ಲಿ ಪ್ರವಾಹ! ಬರ ಮತ್ತು ನೆರೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಕಾಗದದ ಮೇಲೆ ಎಲ್ಲವೂ ಸರಿ. ಸತ್ತ ಹಸು ಮಾತ್ರ ಏಳುವುದಿಲ್ಲ.

ಆದ್ದರಿಂದ ವರ್ಷದ ಸರಾಸರಿಯನ್ನು ನೋಡಿ ಬೆಳೆ ಗೊತ್ತುಮಾಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ನಿಮ್ಮ ಊರಲ್ಲೂ ಯಾವ ದಿನ ಎಷ್ಟು ಮಳೆ ಬಿತ್ತು, ನಡುವೆ ಎಷ್ಟು ದಿನ ಬಿಡುವು ಕೊಟ್ಟಿತು ಎಂಬುದನ್ನು ವಾಚನಾಲಯದ ಪುಸ್ತಕವೊಂದರಲ್ಲಿ ಬರೆದಿಡಿ. ಹತ್ತು ವರ್ಷ ಬರೆದರೆ ನಿಮ್ಮ ಹೊಲಕ್ಕೆ ದೊಡ್ಡ ಮಳೆ ಯಾವುದು, ನಂಬುವ ಮಳೆ ಯಾವುದು ಎಂದು ತಾನೇ ತಿಳಿಯುತ್ತದೆ. ಒಳ್ಳೆಯ ಬೀಜವನ್ನು ನಂಬುವ ಮಳೆಗೆ ಇಡಿ. ಒಂದಿಷ್ಟನ್ನು ಮನೆಯಲ್ಲೂ ಉಳಿಸಿಕೊಳ್ಳಿ.