ಹಳೆಯ ದಫ್ತರ, ಹಳೆಯ ಮನೆತನ

ಊರು ಬಿಟ್ಟು ಪುಣೆಗೆ ಬಂದು ಮೂರು ತಲೆಮಾರು ಕಳೆದ ನಮ್ಮಂಥವರಿಗೆ ಒಂದು ಚಪಲ. ‘ನಮ್ಮ ಹಿರಿಯರು ಯಾರು?’ ಎಂದು ಮಕ್ಕಳು ಕೇಳಿದರೆ ಸಾಕು, ಪೇಶವೆಯವರಿಂದ ಶಾಲು ಹೊದಿಸಿಕೊಂಡವರೊಬ್ಬರನ್ನು ತಂದು ನಿಲ್ಲಿಸಿಬಿಡುತ್ತೇವೆ. ನಾವೂ ಬಹುಕಾಲ ಹಾಗೆಯೇ ಹೇಳುತ್ತ ಬಂದವರು.

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯ ಮನೆಯ ಅಟ್ಟದಿಂದ ಕಾಕಾ ಒಂದು ಗಂಟು ತಂದರು. ಕುಲಕರ್ಣಿಕೆಯ ಮನೆ, ಒಳಗಿದ್ದುದು ವತನದ ಕಾಗದ. ಭಾಷೆ ಮರಾಠಿ, ಲಿಪಿ ಮೋಡಿ. ಹಾಳೆಯುದ್ದಕ್ಕೂ ಗೆರೆ ಎಳೆದು, ಲೇಖಣಿಕೆ ಎತ್ತದೆ ಅದಕ್ಕೆ ಜೋತುಬಿಟ್ಟಂತೆ ಬರೆದ ಅಕ್ಷರಗಳು! ನೆರೆಮನೆಯ ವೃದ್ಧ ಮಹನೀಯರೊಬ್ಬರು ಓದಿ ಹೇಳಲು ಒಪ್ಪಿದ್ದು ನಮ್ಮ ಪುಣ್ಯ. ‘ಖಮಸ ಮಯಾತೈನ ಅಲಫ’ ಎಂದು ಅವರು ಓದಿದಾಗ ಯಾರೋ ಸರದಾರನ ಹೆಸರೆಂದು ನಾವು ಗುರುತು ಹಾಕಿಕೊಂಡೆವು. ಅವರು ನಕ್ಕರು. ಅದು ಅರಬ್ಬಿ ಅಂಕಿ: ಐದು, ಇನ್ನೂರು, ಸಾವಿರ. ಶುಹೂರ ಸನ್ನು 1205. ಅದಕ್ಕೆ 599 ಕೂಡಿಸಿದರೆ 1804. ಜನವರಿಯಿಂದ ಮೇ ತಿಂಗಳೊಳಗಿನದಾದರೆ 600 ಕೂಡಿಸಬೇಕು. ಶಾಲಿವಾಹನ ಶಕೆಗಾದರೆ 78, ಫಸಲಿಗಾದರೆ 590 ಅಥವಾ 591. ವಾಚಕರು ಇಷ್ಟನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ನಷ್ಟವಿಲ್ಲ.

ಇಂಥ ಗಂಟು ಇಲ್ಲದವರೂ ನಿರಾಶರಾಗಬೇಕಿಲ್ಲ. 1852ರ 11ನೆಯ ಕಾಯಿದೆಯ ಮೇರೆಗೆ ಇನಾಮು ಕಮಿಷನ್ನಿನವರು ಮುಂಬಯಿ ಇಲಾಖೆಯಲ್ಲಿ ವಿಚಾರಣೆ ನಡೆಸಿದಾಗ, ಇನಾಮುದಾರರು ತಮ್ಮ ಹಕ್ಕು ಹೇಗೆ ಬಂತೆಂದು ವಂಶಾವಳಿಸಮೇತ ತಿಳಿಸಬೇಕಾಯಿತು. ಆ ದಫ್ತರಗಳು ಪೇಶವೆ ದಫ್ತರದೊಡನೆ ನಮ್ಮ ಪುಣೆಯಲ್ಲೇ ಇವೆ. ಆದರೆ ಜಮೀನು ಉಳಿಸಿಕೊಳ್ಳಲು ಬರೆದ ವಂಶಾವಳಿ ಅದು, ಅನುಕೂಲವಾದದ್ದನ್ನೇ ಹೇಳುತ್ತದೆ. ಗಯೆ, ತ್ರ್ಯಂಬಕಗಳ ತೀರ್ಥಪುರೋಹಿತರ ವಹಿಗಳು ಈ ವಿಷಯದಲ್ಲಿ ಹೆಚ್ಚು ನಂಬಿಗಸ್ತವೆಂದು ನಮ್ಮ ಮತ. ಒಕ್ಕಲು ಮನೆತನದವರು ಹೆಳವರನ್ನು ಕೇಳಬೇಕು. ವಂಶ ಹೇಳುವುದೇ ಅವರ ಕಾಯಕ. ಮೈಸೂರು ಕಡೆಯವರು ರೈಸ್ ಸಾಹೇಬರ ಶಾಸನ ಸಂಪುಟಗಳನ್ನು ತಿರುವುತ್ತಾರೆ. ಊರಿನ ಗೌಡ, ಸೇನಬೋವರ ಹೆಸರು ಸಿಗುತ್ತದೆ, ನಿಜ. ಆ ಸೇನಬೋವನಿಂದ ನಮ್ಮವರೆಗೆ ಸೇತುವೆ ಕಟ್ಟುವವರು ಯಾರು?

ನಮ್ಮ ಗಂಟಿನ ಕೊನೆಯ ಕಾಗದ ದತ್ತಕಪತ್ರ. ಶಾಲು ಹೊದಿಸಿಕೊಂಡವರಿಗೆ ಮಕ್ಕಳೇ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಪಕ್ಕದೂರಿನ ಬಡ ದಾಯಾದಿಯ ಐದು ವರುಷದ ಹುಡುಗನನ್ನು ದತ್ತು ತೆಗೆದುಕೊಂಡಿದ್ದಾಳೆ. ನಾವೆಲ್ಲ ಆ ಹುಡುಗನ ಸಂತಾನ. ವಂಶಾವಳಿಯಲ್ಲಿ ಬರೇ ಗಂಡಸರು. ಆಕೆಯ ಹೆಸರು ಕಂಡದ್ದು ಇದೊಂದೇ ಕಾಗದದಲ್ಲಿ, ‘ಇಂಥವರ ಕೋಂ’ ಎಂದು. ಓದುಬರಹ ಬಾರದವರು ಕಸಬಿನ ಗುರುತು ಹಾಕುತ್ತಿದ್ದ ಕಾಲ. ರೈತನದು ನೇಗಿಲು, ಹೆಂಗಸಿನದು ಬಳೆ. ಗಂಡ ಸತ್ತು ಬಳೆ ತೆಗೆದಿಟ್ಟವಳ ಹೆಸರಿನ ಕೆಳಗೂ ಒಂದು ದುಂಡನೆಯ ಬಳೆಯನ್ನೇ ಬರೆದಿದ್ದರು.

ಕಾಕಾಗೆ ಇದು ರುಚಿಸಲಿಲ್ಲ. “ಇದನ್ನೆಲ್ಲಾ ಯಾಕ ಕೆದರತೀ? ಹುಡುಗರ ಮುಂದ ಹೇಳಬ್ಯಾಡ” ಎಂದು ಗಂಟು ಕಟ್ಟಿಬಿಟ್ಟರು. ಎರಡು ತಿಂಗಳು ಆ ಮಾತೇ ಇಲ್ಲ.

ಮಹಾಲಯದ ಮುನ್ನಾದಿನ ಸಂಜೆ ತಾವೇ ನಮ್ಮ ಮನೆಗೆ ಬಂದರು. ಚಹಾ ಮುಗಿಯುವವರೆಗೂ ಸುಮ್ಮನಿದ್ದು, “ಆಕೀ ಹೆಸರು ಏನಂದಿ? ಒಂದು ಚೀಟಿ ಮ್ಯಾಲೆ ಬರದು ಕೊಡು. ನಾಳೆ ಭಟ್ಟರಿಗೆ ಹೇಳಬೇಕು” ಎಂದರು.