ಎಂಟನೇ ತಿಂಗಳಲ್ಲಿ ಬಿಪಿ ನೋಡುವವರು ಯಾರು?

ಬಸುರಿಯರ ರಕ್ತದೊತ್ತಡದ ಬಗ್ಗೆ ವೈದ್ಯಲೋಕ ಕಳೆದ ಹತ್ತು–ಹನ್ನೆರಡು ವರ್ಷಗಳಲ್ಲಿ ಕಲಿತದ್ದರಲ್ಲಿ ಗಣನೀಯ ಪಾಲು ಕರ್ನಾಟಕದ ಹೆಣ್ಣುಮಕ್ಕಳ ಋಣ. ಬೆಳಗಾವಿ, ಬಾಗಲಕೋಟೆ, ಗೋಕಾಕ, ಬೆಂಗಳೂರು ಎಂಬ ಹೆಸರುಗಳು ‘ಲ್ಯಾನ್ಸೆಟ್‌’, ‘ನ್ಯೂ ಇಂಗ್ಲೆಂಡ್‌ ಜರ್ನಲ್‌ ಆಫ್‌ ಮೆಡಿಸಿನ್‌’ನಂತಹ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಸಾವಿರಾರು ಗರ್ಭಿಣಿಯರು ತೋಳಿಗೆ ಪಟ್ಟಿ ಕಟ್ಟಿಸಿಕೊಂಡರು, ಕೊಟ್ಟ ಮಾತ್ರೆ ನುಂಗಿದರು, ತಿಂಗಳುಗಟ್ಟಲೆ ಸಂಶೋಧಕರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಹೀಗೆ ದಕ್ಕಿದ ತಿಳಿವಳಿಕೆ ಅದೇ ಊರುಗಳ ಉಪಕೇಂದ್ರಗಳಿಗೆ ಎಷ್ಟು ಮರಳಿದೆ ಎಂದು ಕೇಳಬೇಕಾದ ಹೊತ್ತು ಇದು.

ಕಾಯಿಲೆ ಸರಳವಾಗಿ ಹೀಗಿದೆ. ಐದು ತಿಂಗಳು ತುಂಬಿದ ಮೇಲೆ, ಅಂದರೆ 20 ವಾರಗಳ ನಂತರ, ಮೊದಲು ಸರಿಯಿದ್ದ ಬಿಪಿ 140/90 ಮುಟ್ಟುತ್ತದೆ. ಮೂತ್ರದಲ್ಲಿ ಪ್ರೋಟೀನ್‌ ಸೋರಿದರೆ ಅಥವಾ ಯಕೃತ್ತು, ಮೂತ್ರಪಿಂಡ, ರಕ್ತದ ಕಣಗಳಿಗೆ ಪೆಟ್ಟು ಬಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಅಲ್ಲಿಂದ ಮುಂದೆ ಫಿಟ್ಸ್‌ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನ ತಾಯಂದಿರ ಸಾವಿನಲ್ಲಿ ರಕ್ತಸ್ರಾವದ ಪಾಲು ಶೇ 27, ಬಿಪಿ ಸಂಬಂಧಿ ತೊಂದರೆಗಳ ಪಾಲು ಶೇ 16. ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ, ಮನೆಮಂದಿ ಓಡಾಡುತ್ತಾರೆ. ಬಿಪಿ ಹಾಗಲ್ಲ. ಕಾಲು ಬಾತರೆ ‘ಬಸುರಿಗೆ ಇದ್ದದ್ದೇ’, ತಲೆನೋವು ಬಂದರೆ ‘ಬಿಸಿಲಿಗೆ’, ಕಣ್ಣು ಮಂಜಾದರೆ ‘ನಿತ್ರಾಣಕ್ಕೆ’ ಎಂದು ದಿನ ಕಳೆಯುತ್ತದೆ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿರುವುದು ‘ಸೋತ’ ಪ್ರಯೋಗವೊಂದು. ‘ಕ್ಲಿಪ್‌’ ಎಂಬ ಆ ಪ್ರಯೋಗದ ಭಾರತದ ಭಾಗವನ್ನು ಬೆಳಗಾವಿಯ ಜವಾಹರಲಾಲ್‌ ನೆಹರೂ ವೈದ್ಯಕೀಯ ಕಾಲೇಜು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆಸಿತು. ಪಾಕಿಸ್ತಾನದ ಸಿಂಧ್‌, ಮೊಜಾಂಬಿಕ್‌ನಲ್ಲೂ ಜೊತೆಜೊತೆಗೆ ನಡೆಯಿತು. ಆಸ್ಪತ್ರೆಯ ಬದಲು ಮನೆಬಾಗಿಲಲ್ಲೇ ಕಾಯಿಲೆ ಹಿಡಿಯಬೇಕು ಎಂಬುದು ಅದರ ಯೋಚನೆ. ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳ ಕೈಗೆ ಬಿಪಿ ಯಂತ್ರ ಮತ್ತು ಅಪಾಯ ಲೆಕ್ಕ ಹಾಕುವ ಮೊಬೈಲ್‌ ಆ್ಯಪ್‌ ಬಂತು. ಬಿಪಿ ತೀರಾ ಏರಿದ್ದರೆ ಅಲ್ಲೇ ಮೀಥೈಲ್‌ಡೋಪಾ ಮಾತ್ರೆ, ಫಿಟ್ಸ್‌ ಅಪಾಯವಿದ್ದರೆ ಮೆಗ್ನೀಷಿಯಂ ಸಲ್ಫೇಟ್‌ ಚುಚ್ಚುಮದ್ದು, ಕೂಡಲೇ ದೊಡ್ಡ ಆಸ್ಪತ್ರೆಗೆ ರವಾನೆ. ಮೂರೂ ದೇಶಗಳ ಸುಮಾರು 69 ಸಾವಿರ ಗರ್ಭಿಣಿಯರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆಯದು. ತಾಯಿ–ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳನ್ನು ಒಟ್ಟಾಗಿ ನೋಡಿದರೆ ಪ್ರಯೋಗ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಆದರೆ ವರದಿಯ ಒಳಗೆ ಇನ್ನೊಂದು ಸಂಗತಿ ಇದೆ. ಕಾರ್ಯಕರ್ತೆಯರು ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಭೇಟಿ ಮಾಡಿದ್ದ ಗರ್ಭಿಣಿಯರಲ್ಲಿ ಹುಟ್ಟುವ ಮುನ್ನವೇ ಮಗು ತೀರಿಹೋದ ಪ್ರಕರಣಗಳು ಕಡಿಮೆಯಿದ್ದವು. ಹೆಚ್ಚು ಭೇಟಿ ಸಿಕ್ಕ ಮನೆಗಳೇ ಬೇರೆ ರೀತಿಯಲ್ಲೂ ಅನುಕೂಲಸ್ಥ ಮನೆಗಳಾಗಿರಬಹುದು ಎಂಬ ಎಚ್ಚರ ಬೇಕು, ನಿಜ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬೇರೆಯೇ ಆಧಾರಗಳ ಮೇಲೆ ಹೇಳಿದ್ದೂ ಎಂಟು ತಪಾಸಣೆಗಳನ್ನೇ. ನಮ್ಮ ಸರ್ಕಾರಿ ಲೆಕ್ಕದಲ್ಲಿ ಕನಿಷ್ಠ ನಾಲ್ಕು ಆದರೆ ಸಾಕು.

ಹಾಗಾದರೆ ಭೇಟಿಗಳು ತಪ್ಪುವುದು ಎಲ್ಲಿ? ಪ್ರಯೋಗದ ವರದಿ ಹೇಳಿದ್ದಲ್ಲ, ಇದು ನನ್ನ ಅಂದಾಜು: ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳು ತಪ್ಪಿಹೋಗುವುದು ಏಳನೇ ತಿಂಗಳಿನಿಂದ ಆಚೆಗೆ. ಸೀಮಂತ, ಕುಬಸ ಮುಗಿಯುತ್ತದೆ, ಚೊಚ್ಚಲ ಬಸುರಿ ತವರಿಗೆ ಹೊರಡುತ್ತಾಳೆ. ತಾಯಿ ಕಾರ್ಡ್‌ ಅವಳ ಚೀಲದಲ್ಲೇ ಇರುತ್ತದೆ. ಆದರೆ ಐದಾರು ತಿಂಗಳು ಅವಳನ್ನು ನೋಡುತ್ತ ಬಂದ ಆಶಾ ಗಂಡನ ಊರಿನಲ್ಲೇ ಉಳಿಯುತ್ತಾಳೆ. ತವರೂರಿನ ಆಶಾಳ ಪಟ್ಟಿಯಲ್ಲಿ ಇವಳ ಹೆಸರಿಲ್ಲ. ಅವಳ ಪಾಲಿಗೆ ಇವಳು ಮನೆಗೆ ಬಂದ ಮಗಳು, ಅಷ್ಟೆ. ಪ್ರಿಎಕ್ಲಾಂಪ್ಸಿಯಾ ಹೆಚ್ಚಾಗಿ ತಲೆಯೆತ್ತುವುದು ಕೊನೆಯ ತಿಂಗಳುಗಳಲ್ಲಿ, ಅದೂ ಚೊಚ್ಚಲ ಬಸುರಿಯಲ್ಲಿ. ಅಂದರೆ ಅಪಾಯದ ತಿಂಗಳುಗಳೂ ಲೆಕ್ಕ ತಪ್ಪುವ ತಿಂಗಳುಗಳೂ ಒಂದೇ. ತವರಿನ ಆರೈಕೆಗೆ ಬೆಲೆ ಕಟ್ಟಲಾಗದು. ಆ ಪದ್ಧತಿಯನ್ನು ಆರೋಗ್ಯ ಇಲಾಖೆ ಪ್ರಶ್ನಿಸಬೇಕಿಲ್ಲ. ಅದನ್ನು ತನ್ನ ಲೆಕ್ಕದೊಳಗೆ ತಂದುಕೊಂಡರೆ ಸಾಕು: ಹೆಣ್ಣುಮಗಳು ಹೊರಟ ದಿನ ಒಬ್ಬ ಆಶಾಳಿಂದ ಇನ್ನೊಬ್ಬಳಿಗೆ ಒಂದು ಫೋನ್‌ ಕರೆ, ಕೊನೆಯ ಬಿಪಿ ಎಷ್ಟಿತ್ತು ಎಂಬ ಒಂದು ಸಾಲು. ಇದಕ್ಕೆ ಹೊಸ ಯೋಜನೆಯಾಗಲಿ, ಉದ್ಘಾಟನೆಯಾಗಲಿ ಬೇಕಿಲ್ಲ. ಬಹುಶಃ ಅದಕ್ಕೇ ಆಗುತ್ತಿಲ್ಲ.

ಬಸಿರಿನ ಇನ್ನೊಂದು ತುದಿಯಲ್ಲೂ ಇಂಥದ್ದೇ ತೊಡಕು. 2020ರಲ್ಲೇ ಹೊರಬಂದ ಆಸ್ಪಿರಿನ್‌ ಪ್ರಯೋಗದಲ್ಲಿ ಆರು ದೇಶಗಳ 11,976 ಚೊಚ್ಚಲ ಬಸುರಿಯರಿದ್ದರು. ಭಾರತದಿಂದ ಬೆಳಗಾವಿ ಮತ್ತು ನಾಗಪುರದವರು. ದಿನಕ್ಕೆ 81 ಮಿಲಿಗ್ರಾಂನ ಪುಟ್ಟ ಮಾತ್ರೆ. ಅವಧಿಗೆ ಮುನ್ನ ಹೆರಿಗೆ ಆಗುವ ಪ್ರಮಾಣ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಬಿಪಿ ತೊಂದರೆ ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಆದರೆ ಬಿಪಿಯ ಜೊತೆಗೆ 34 ವಾರಕ್ಕೂ ಮುಂಚೆ ಹೆರಿಗೆಯಾಗುವ, ಎಲ್ಲಕ್ಕಿಂತ ಕೆಟ್ಟ ಬಗೆಯ ಪ್ರಕರಣಗಳು ಗಣನೀಯವಾಗಿ ತಗ್ಗಿದವು. ಮಾತ್ರೆ ಅಗ್ಗ. ಷರತ್ತು ಒಂದೇ: ಆ ಪ್ರಯೋಗದಲ್ಲಿ ಮಾತ್ರೆ ಶುರುವಾದದ್ದು 14 ವಾರ ತುಂಬುವ ಮೊದಲು. ನಮ್ಮ ಮನೆಗಳಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳುವುದಿಲ್ಲ, ದೃಷ್ಟಿಯಾದೀತೆಂಬ ಭಯ. ಹೇಳುವ ಹೊತ್ತಿಗೆ ಮಾತ್ರೆಯ ಕಾಲ ಮೀರುತ್ತಾ ಬಂದಿರುತ್ತದೆ. ಯಾರಿಗೆ ಆಸ್ಪಿರಿನ್‌ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಆದರೆ ಹೆಂಗಸು ಸಕಾಲಕ್ಕೆ ಅವರ ಮುಂದೆ ಬಂದು ಕೂತರೆ ತಾನೇ ಆ ನಿರ್ಧಾರ.

ಕ್ಯಾಲ್ಸಿಯಂ ವಿಷಯದಲ್ಲಿ ಬೆಂಗಳೂರಿನ ಸಂಶೋಧನೆ ಇನ್ನೂ ನೇರವಾದ ಉತ್ತರ ಕೊಟ್ಟಿದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಕಡೆ ಗರ್ಭಿಣಿಯರು ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ತೆಗೆದುಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ದೊಡ್ಡ ದೊಡ್ಡ ಮಾತ್ರೆಗಳು ದಿನಕ್ಕೆ ಮೂರು ಸಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಹೊತ್ತು ಬಿಡಬೇಕು. ಗದ್ದೆಗೋ ಗಾರ್ಮೆಂಟ್ಸ್‌ಗೋ ಹೋಗುವ ಹೆಂಗಸು ಈ ಲೆಕ್ಕ ಇಟ್ಟುಕೊಳ್ಳುವುದು ಎಲ್ಲಿ? ಸೇಂಟ್‌ ಜಾನ್ಸ್‌ ಸಂಶೋಧನಾ ಸಂಸ್ಥೆಯ ತಂಡ ಬೆಂಗಳೂರಿನಲ್ಲಿ 11 ಸಾವಿರ, ತಾಂಜಾನಿಯಾದಲ್ಲಿ ಅದರ ಸಹಯೋಗಿಗಳು 11 ಸಾವಿರ ಚೊಚ್ಚಲ ಬಸುರಿಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರ ಜನವರಿಯಲ್ಲಿ ಬಂತು. ಬೆಂಗಳೂರಿನಲ್ಲಿ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 3.0, 1,500 ತೆಗೆದುಕೊಂಡವರಲ್ಲಿ ಶೇ 3.6 ಮಂದಿಗೆ ಪ್ರಿಎಕ್ಲಾಂಪ್ಸಿಯಾ ಬಂದಿತ್ತು. ಒಂದು ಮಾತ್ರೆ ಮೂರರ ಕೆಲಸ ಮಾಡಿತು ಎಂದರ್ಥ. ತಾಂಜಾನಿಯಾದಲ್ಲಿ ಅವಧಿಪೂರ್ವ ಹೆರಿಗೆಯ ವಿಷಯದಲ್ಲಿ ಫಲಿತಾಂಶ ಇಷ್ಟು ಖಚಿತವಾಗಿರಲಿಲ್ಲ. ಮಾತ್ರೆಯನ್ನೇ ಕೊಡದ ಗುಂಪೂ ಇರಲಿಲ್ಲ. ಆದರೂ ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇರೆಲ್ಲಿ ಸಿಗುತ್ತದೆ? 2014ರ ರಾಷ್ಟ್ರೀಯ ಮಾರ್ಗಸೂಚಿ ದಿನಕ್ಕೆ 500 ಮಿಲಿಗ್ರಾಂನ ಎರಡು ಮಾತ್ರೆ ಎನ್ನುತ್ತದೆ. ಒಂದಕ್ಕೆ ಇಳಿಸುವ ಪ್ರಶ್ನೆಯನ್ನು ಮೊದಲು ಎತ್ತಬೇಕಾದದ್ದು ನಮ್ಮ ರಾಜ್ಯವೇ. ಮಾತ್ರೆ ಅರ್ಧವಾದರೆ ಖರ್ಚೂ ಅರ್ಧ, ನುಂಗುವ ಸಾಧ್ಯತೆ ಹೆಚ್ಚು.

ಬಿಪಿ ಏರಿದ ಮೇಲೆ ಏನು ಕೊಡಬೇಕು ಎಂಬುದೂ ಬಗೆಹರಿದಿದೆ. 2019ರಲ್ಲಿ ಪ್ರಕಟವಾದ ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳ ಅಧ್ಯಯನದಲ್ಲಿ ನಿಫೆಡಿಪಿನ್‌, ಲ್ಯಾಬೆಟಲಾಲ್‌, ಮೀಥೈಲ್‌ಡೋಪಾ ಎಂಬ ಮೂರು ಹಳೆಯ, ಬಾಯಲ್ಲಿ ನುಂಗುವ ಮಾತ್ರೆಗಳೂ ಕೆಲಸ ಮಾಡಿದವು. ಆರು ಗಂಟೆಯೊಳಗೆ ಬಿಪಿ ಹದಕ್ಕೆ ಬಂದವರು ನಿಫೆಡಿಪಿನ್‌ ಗುಂಪಿನಲ್ಲಿ ಶೇ 84. ಮೆಗ್ನೀಷಿಯಂ ಸಲ್ಫೇಟ್‌ನ ಮಾತಂತೂ ಇನ್ನೂ ಹಳೆಯದು. 33 ದೇಶಗಳ ‘ಮ್ಯಾಗ್‌ಪೈ’ ಪ್ರಯೋಗ ಅದು ಫಿಟ್ಸ್‌ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂದು ತೋರಿಸಿದ್ದು 2002ರಲ್ಲಿ.

ಪ್ರಯೋಗಾಲಯದ ವಿಜ್ಞಾನವೂ ಮುಂದೆ ಹೋಗಿದೆ. ಮದ್ರಾಸಿನಲ್ಲಿ ಓದಿ ಬಾಸ್ಟನ್‌ಗೆ ಹೋದ ಅನಂತ್‌ ಕರುಮಂಚಿ ಅವರ ತಂಡ, ಮಾಸು ಅತಿಯಾಗಿ ಸ್ರವಿಸುವ ಒಂದು ಪ್ರೋಟೀನ್‌ ತಾಯಿಯ ರಕ್ತನಾಳಗಳನ್ನು ಕೆಡಿಸುತ್ತದೆ ಎಂದು 2003ರಲ್ಲಿ ಕಂಡುಕೊಂಡಿತು. ಅದರ ಆಧಾರದ ರಕ್ತಪರೀಕ್ಷೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯ ವಿಜ್ಞಾನ, ಮುಂದೊಂದು ದಿನ ನಮಗೂ ದಕ್ಕಲಿ. ಆದರೆ ಅದು ಆಸ್ಪತ್ರೆಗೆ ದಾಖಲಾದವಳಿಗೆ ಮಾಡುವ ಪರೀಕ್ಷೆ. ನಮ್ಮ ತೊಂದರೆ ಅವಳು ಅಲ್ಲಿಗೆ ಮುಟ್ಟುವ ಮುಂಚಿನದು.

ಎಂಟು ಭೇಟಿ ಎಂದು ಬರೆಯುವುದು ಸುಲಭ. ಆ ಭೇಟಿ ಮಾಡಬೇಕಾದ ಆಶಾಗಳು ತಿಂಗಳಿಗೆ ನಿಶ್ಚಿತ ಗೌರವಧನದ ಖಾತರಿ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಪ್ರಯೋಗ ನಡೆಯುವಾಗ ಯಂತ್ರ, ತರಬೇತಿ, ಉಸ್ತುವಾರಿ ಎಲ್ಲವೂ ಇರುತ್ತವೆ. ಅನುದಾನ ಮುಗಿದ ದಿನ ಅವೂ ಮುಗಿಯಬಾರದು. ಪ್ರತಿ ತಿಂಗಳ 9ರಂದು ನಡೆಯುವ ‘ಸುರಕ್ಷಿತ ಮಾತೃತ್ವ’ ತಪಾಸಣೆಗೆ ಗರ್ಭಿಣಿಯರು ಸಾಲುಗಟ್ಟಿ ಬರುತ್ತಾರೆ. ಅಂದು ಬಿಪಿ ಹೆಚ್ಚು ಕಂಡವರನ್ನು ಮುಂದಿನ ವಾರವೇ ಮತ್ತೆ ನೋಡುವ ಹೊಣೆ ಯಾರದು ಎಂಬುದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹೆಸರು ಸಮೇತ ಬರೆದಿರಬೇಕು.

ಇನ್ನು ಬಾಣಂತಿ. ನಮ್ಮ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಮಗು ಕೈಗೆ ಬಂತು, ಇನ್ನು ಭಯವಿಲ್ಲ ಎಂದು ಎಲ್ಲರೂ ನಿರಾಳರಾಗುತ್ತಾರೆ. ಆದರೆ ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ಏರುವುದುಂಟು. ಮೊದಲು ಸರಿಯಿದ್ದವರಲ್ಲೂ ಫಿಟ್ಸ್‌ ಬರುವುದುಂಟು. ಅಷ್ಟರಲ್ಲಿ ಅವಳು ಮನೆಗೆ ಬಂದು ಬಾಣಂತಿ ಕೋಣೆ ಸೇರಿರುತ್ತಾಳೆ. ಮನೆ ಭೇಟಿ ಕಾರ್ಯಕ್ರಮದಡಿ ಆಶಾ ಮೂರನೇ ಮತ್ತು ಏಳನೇ ದಿನ ಆ ಕೋಣೆಗೆ ಹೇಗೂ ಹೋಗುತ್ತಾಳೆ, ಮಗುವನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಅದೇ ಭೇಟಿಯಲ್ಲಿ ತಾಯಿಯ ಬಿಪಿಯನ್ನೂ ನೋಡಿ ಬರೆಯುವುದು ಕಡ್ಡಾಯವಾಗಬೇಕು, ತವರಿನಲ್ಲಿರುವ ಬಾಣಂತಿಯರಿಗೂ ಸೇರಿದಂತೆ.